ಗುಂಪುಗಳ ನಡುವಿನ ದೂರವನ್ನು ಅಳೆದವರು

ಪ್ರತಿ ವರ್ಷ ಜೂನ್ 29ರಂದು ದೇಶದಲ್ಲಿ ಸಂಖ್ಯಾಶಾಸ್ತ್ರ ದಿನವನ್ನು ಆಚರಿಸಲಾಗುತ್ತದೆ. ಅದು ಪ್ರಶಾಂತ ಚಂದ್ರ ಮಹಾಲನೋಬಿಸ್ ಅವರ ಜನ್ಮದಿನ. 2007ರಿಂದ ನಡೆದುಬಂದಿರುವ ಈ ಆಚರಣೆಯಲ್ಲಿ ಅವರನ್ನು ಎರಡನೆಯ ಪಂಚವಾರ್ಷಿಕ ಯೋಜನೆಯ ರೂವಾರಿ ಎಂದೋ, ರಾಷ್ಟ್ರೀಯ ಮಾದರಿ ಸಮೀಕ್ಷೆಯ ಸ್ಥಾಪಕ ಎಂದೋ ಸ್ಮರಿಸುವುದು ವಾಡಿಕೆ. ಮೂರು ದಶಕಗಳ ಕಾಲ ಸಂಖ್ಯಾಶಾಸ್ತ್ರವನ್ನು ಪಾಠ ಮಾಡಿದ ನನಗೆ ಮಾತ್ರ ಆ ದಿನ ಬಂದಾಗಲೆಲ್ಲ ಒಂಬತ್ತು ನೋಂದಣಿ ಸಂಖ್ಯೆಗಳಿರುವ ಒಂದು ಹಾಳೆ ನೆನಪಾಗುತ್ತದೆ. ಅದರಲ್ಲಿರುವುದು ನನ್ನದೇ ಕೈಬರಹ.

ಅದು 1994ರ ಮಾತು. ನಾನು ಆಗ ಕೆಲಸ ಮಾಡುತ್ತಿದ್ದ ಖಾಸಗಿ ಕಾಲೇಜಿನ ಆಡಳಿತ ಮಂಡಳಿಗೆ ಪದವಿ ಪರೀಕ್ಷೆಯ ಫಲಿತಾಂಶವನ್ನು ಹೇಗಾದರೂ ಮೇಲೆತ್ತಬೇಕೆಂಬ ಹಂಬಲವಿತ್ತು. ಅನುತ್ತೀರ್ಣರಾಗಬಹುದಾದ ವಿದ್ಯಾರ್ಥಿಗಳನ್ನು ಮೊದಲೇ ಗುರುತಿಸಲು ಸಾಧ್ಯವೇ ಎಂದು ನನ್ನನ್ನು ಕೇಳಿದರು. ಸಾಧ್ಯ ಎಂದೆ. ಹಿಂದಿನ ಮೂರು ವರ್ಷಗಳ ವಿದ್ಯಾರ್ಥಿಗಳ ಪಿಯುಸಿ ಅಂಕ, ಎರಡು ಕಿರುಪರೀಕ್ಷೆಗಳ ಅಂಕ ಮತ್ತು ಹಾಜರಾತಿಯನ್ನು ತೆಗೆದುಕೊಂಡೆ. ಉತ್ತೀರ್ಣರು ಒಂದು ಗುಂಪು, ಅನುತ್ತೀರ್ಣರು ಇನ್ನೊಂದು ಗುಂಪು. ಹೊಸ ವಿದ್ಯಾರ್ಥಿಯೊಬ್ಬ ಯಾವ ಗುಂಪಿಗೆ ಸೇರುತ್ತಾನೆಂದು ಹೇಳುವ ಸೂತ್ರವೊಂದನ್ನು ಕಟ್ಟಿದೆ. ಸಂಖ್ಯಾಶಾಸ್ತ್ರದಲ್ಲಿ ಇದಕ್ಕೆ ಡಿಸ್ಕ್ರಿಮಿನಂಟ್ ವಿಶ್ಲೇಷಣೆ ಎಂದು ಹೆಸರು. ನೂರಕ್ಕೆ 84 ಮಂದಿಯ ವಿಷಯದಲ್ಲಿ ನನ್ನ ಸೂತ್ರ ಸರಿಯಾಗಿ ಹೇಳುತ್ತಿತ್ತು. ನನಗೆ ಹೆಮ್ಮೆಯೂ ಆಗಿತ್ತು. ಆ ವರ್ಷದ ವಿದ್ಯಾರ್ಥಿಗಳಲ್ಲಿ ಒಂಬತ್ತು ಮಂದಿ ಅನುತ್ತೀರ್ಣರ ಗುಂಪಿಗೆ ಬಿದ್ದರು. ಅವರಿಗೆ ವಿಶೇಷ ಪಾಠ ಏರ್ಪಡಿಸುತ್ತಾರೆಂದು ನಾನು ಭಾವಿಸಿದ್ದೆ. ಆದರೆ ಒಂದಲ್ಲ ಒಂದು ನೆಪ ಹೇಳಿ ಅವರ ಹಾಲ್ ಟಿಕೆಟ್ ತಡೆಹಿಡಿಯಲಾಯಿತು.

ಆ ಸೂತ್ರದ ಮೂಲವನ್ನು ಹುಡುಕುತ್ತಾ ಹೋದರೆ ಮಹಾಲನೋಬಿಸ್ ಅವರ ಬದುಕು ಎದುರಾಗುತ್ತದೆ. ಆ ಬದುಕನ್ನು ನಾನು ಸರಿಯಾಗಿ ಓದಿಕೊಂಡದ್ದು ಈ ಘಟನೆ ನಡೆದ ಮೇಲೆ ಎಂಬುದನ್ನು ಒಪ್ಪಿಕೊಳ್ಳಬೇಕು.

1893ರಲ್ಲಿ ಕಲ್ಕತ್ತೆಯ ಬ್ರಹ್ಮಸಮಾಜದ ಕುಟುಂಬವೊಂದರಲ್ಲಿ ಅವರು ಜನಿಸಿದರು. ಅಜ್ಜ ಗುರುಚರಣ ಮಹಾಲನೋಬಿಸ್ ದೇವೇಂದ್ರನಾಥ ಠಾಕೂರರ ಪ್ರಭಾವಕ್ಕೆ ಒಳಗಾದವರು. ಸಮಾಜದ ವಿರೋಧವನ್ನು ಲೆಕ್ಕಿಸದೆ ವಿಧವೆಯೊಬ್ಬರನ್ನು ಮದುವೆಯಾದವರು. ಹುಟ್ಟಿನಿಂದ ಬಂದ ಗುಂಪು ಮನುಷ್ಯನ ಹಣೆಬರಹವಾಗಬಾರದು ಎಂಬ ನಂಬಿಕೆಯ ಮನೆಯಲ್ಲಿ ಬೆಳೆದ ಹುಡುಗ ಮುಂದೆ ಗುಂಪುಗಳ ನಡುವಿನ ಅಂತರವನ್ನು ಅಳೆಯುವ ಶಾಸ್ತ್ರಕ್ಕೆ ಹೆಸರಾದದ್ದು ವಿಚಿತ್ರವೇ ಸರಿ. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರಾಯ್ ಅವರ ಶಿಷ್ಯರಾಗಿ 1912ರಲ್ಲಿ ಭೌತವಿಜ್ಞಾನದ ಪದವಿ ಪಡೆದರು. ಮರುವರ್ಷ ಇಂಗ್ಲೆಂಡಿಗೆ ಹೋದರು. ಕೇಂಬ್ರಿಜ್ ನೋಡಲು ಹೋದವರಿಗೆ ಹಿಂದಿರುಗುವ ರೈಲು ತಪ್ಪಿತು; ಕಿಂಗ್ಸ್ ಕಾಲೇಜಿನ ಪ್ರಾರ್ಥನಾ ಮಂದಿರಕ್ಕೆ ಮನಸೋತು ಅಲ್ಲಿಯೇ ಓದಲು ನಿಂತರು. ಅದೇ ಊರಿನಲ್ಲಿದ್ದ ಶ್ರೀನಿವಾಸ ರಾಮಾನುಜನ್ ಅವರ ಗೆಳೆತನವೂ ಆಯಿತು.

1915ರಲ್ಲಿ ಓದು ಮುಗಿದಾಗ ಮೊದಲ ಮಹಾಯುದ್ಧದ ಕಾರಣ ಊರಿಗೆ ಮರಳುವ ಪಯಣ ತಡವಾಯಿತು. ಆ ಬಿಡುವಿನಲ್ಲಿ ಕಾಲೇಜಿನ ಅಧ್ಯಾಪಕರೊಬ್ಬರು ಅವರಿಗೆ ಬಯೊಮೆಟ್ರಿಕಾ ಎಂಬ ನಿಯತಕಾಲಿಕವನ್ನು ತೋರಿಸಿದರು. ಕಾರ್ಲ್ ಪಿಯರ್ಸನ್ ಸಂಪಾದಿಸುತ್ತಿದ್ದ ಆ ಪತ್ರಿಕೆಯ ಹಳೆಯ ಸಂಪುಟಗಳನ್ನೆಲ್ಲ ಕೊಂಡು, ಹಡಗಿನಲ್ಲಿ ಓದುತ್ತಾ ಬಂದರು. ಇದು ಹೊಸದೊಂದು ವಿಜ್ಞಾನ, ಇದನ್ನು ಹವಾಮಾನಕ್ಕೂ ಮಾನವಶಾಸ್ತ್ರಕ್ಕೂ ಬಳಸಬಹುದು ಎಂಬುದು ಅವರಿಗೆ ದಾರಿಯಲ್ಲೇ ಹೊಳೆದಿತ್ತು.

ಮುಂದಿನ ಪ್ರೇರಣೆ ಬಂದದ್ದು ತತ್ತ್ವಶಾಸ್ತ್ರಜ್ಞ ಬ್ರಜೇಂದ್ರನಾಥ ಸೀಲ್ ಅವರಿಂದ. 1920ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿ ನಮ್ಮವರೇ ಆಗಿಹೋದ ಅದೇ ಸೀಲ್. ಕಲ್ಕತ್ತಾ ವಿಶ್ವವಿದ್ಯಾನಿಲಯದ ಪರೀಕ್ಷಾ ಸುಧಾರಣೆಯ ಹೊಣೆ ಹೊತ್ತಿದ್ದ ಅವರು 1917ರಲ್ಲಿ ಪರೀಕ್ಷೆಯ ಫಲಿತಾಂಶಗಳನ್ನು ವಿಶ್ಲೇಷಿಸಿಕೊಡಲು ಮಹಾಲನೋಬಿಸ್ ಅವರನ್ನು ಕೇಳಿದರು. ಭೌತವಿಜ್ಞಾನದ ಅಧ್ಯಾಪಕರೊಬ್ಬರ ಸಂಖ್ಯಾಶಾಸ್ತ್ರದ ದಾರಿ ಹೀಗೆ ವಿದ್ಯಾರ್ಥಿಗಳ ಅಂಕಪಟ್ಟಿಯಿಂದಲೇ ಶುರುವಾಯಿತು. ಈ ಸಂಗತಿಯನ್ನು ಓದಿದ ದಿನ ನನ್ನ ಒಂಬತ್ತು ನೋಂದಣಿ ಸಂಖ್ಯೆಗಳು ಕಣ್ಣೆದುರು ಬಂದು ನಿಂತವು.

1920ರಲ್ಲಿ ನಾಗಪುರದಲ್ಲಿ ನಡೆದ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಭಾರತೀಯ ಪ್ರಾಣಿ ಸರ್ವೇಕ್ಷಣ ಸಂಸ್ಥೆಯ ನೆಲ್ಸನ್ ಆನಂಡೇಲ್ ಅವರ ಭೇಟಿಯಾಯಿತು. ಕಲ್ಕತ್ತೆಯ ಆಂಗ್ಲೋ-ಇಂಡಿಯನ್ನರ ಎತ್ತರ, ತಲೆಯ ಉದ್ದಗಲ, ಮೂಗಿನ ಅಳತೆಗಳು ಆನಂಡೇಲ್ ಬಳಿ ಇದ್ದವು. ಅವುಗಳಿಂದ ಏನು ತಿಳಿಯುತ್ತದೆಂದು ಹೇಳುವವರು ಬೇಕಿತ್ತು. ಮಹಾಲನೋಬಿಸ್ ಅವರ ಮೊದಲ ಸಂಖ್ಯಾಶಾಸ್ತ್ರೀಯ ಪ್ರಬಂಧ 1922ರಲ್ಲಿ ಹೊರಬಂದದ್ದು ಈ ಅಳತೆಗಳನ್ನು ಕುರಿತೇ. ಅಲ್ಲಿಂದ ಅವರ ಪ್ರಶ್ನೆ ಹಿಗ್ಗಿತು. ಈ ಜನ ಬಂಗಾಳದ ಯಾವ ಜಾತಿಗಳಿಗೆ ಹತ್ತಿರ, ಯಾವುದಕ್ಕೆ ದೂರ? ಬಂಗಾಳದ ಜಾತಿಗಳು ತಮ್ಮತಮ್ಮಲ್ಲಿ ಎಷ್ಟು ಬೆರೆತಿವೆ? 1925ರ ವಿಜ್ಞಾನ ಕಾಂಗ್ರೆಸ್‌ನ ಮಾನವಶಾಸ್ತ್ರ ವಿಭಾಗದ ಅಧ್ಯಕ್ಷ ಭಾಷಣದಲ್ಲಿ ಅವರು ಇದನ್ನೇ ಎತ್ತಿಕೊಂಡರು.

ಇಲ್ಲಿ ಒಂದು ತೊಡಕಿತ್ತು. ಎರಡು ಗುಂಪುಗಳು ದೂರ ಎಂದರೆ ಏನರ್ಥ? ಒಂದು ಗುಂಪಿನ ಸರಾಸರಿ ಎತ್ತರ ಇನ್ನೊಂದಕ್ಕಿಂತ ನಾಲ್ಕು ಸೆಂಟಿಮೀಟರ್ ಹೆಚ್ಚು ಎಂದಿಟ್ಟುಕೊಳ್ಳಿ. ಪ್ರತಿ ಗುಂಪಿನ ಒಳಗೇ ಜನರ ಎತ್ತರ ಆರೇಳು ಸೆಂಟಿಮೀಟರ್ ಆಚೀಚೆ ಇದ್ದರೆ ಆ ನಾಲ್ಕಕ್ಕೆ ಹೆಚ್ಚು ಬೆಲೆಯಿಲ್ಲ. ಗುಂಪಿನ ಒಳಗಿನ ಏರಿಳಿತ ಒಂದೇ ಸೆಂಟಿಮೀಟರ್ ಆಗಿದ್ದರೆ ಅದೇ ನಾಲ್ಕು ದೊಡ್ಡ ಅಂತರವಾಗುತ್ತದೆ. ಇನ್ನೊಂದು ಕಷ್ಟವೂ ಇದೆ. ಎತ್ತರವಿರುವವರ ತೋಳೂ ಸಾಮಾನ್ಯವಾಗಿ ಉದ್ದ. ಎತ್ತರ ಮತ್ತು ತೋಳನ್ನು ಬೇರೆ ಬೇರೆಯಾಗಿ ಲೆಕ್ಕಕ್ಕೆ ಹಿಡಿದರೆ ಒಂದೇ ಸಂಗತಿಯನ್ನು ಎರಡು ಬಾರಿ ಎಣಿಸಿದಂತಾಯಿತು. ಘಟ್ಟದ ಮೇಲಿನ ಊರಿಗೂ ಕೆಳಗಿನ ಊರಿಗೂ ನಕ್ಷೆಯ ಮೇಲೆ ಅಂಗುಲದ ಅಂತರವಿರಬಹುದು. ನಡೆದು ಹೋಗುವವನಿಗೆ ಆ ದೂರವೇ ಬೇರೆ. ನೆಲದ ಏರಿಳಿತವನ್ನು ಗಣನೆಗೆ ತೆಗೆದುಕೊಳ್ಳುವ ಅಳತೆ ಬೇಕಾಗಿತ್ತು.

ಆ ಕಾಲದಲ್ಲಿ ಬಳಕೆಯಲ್ಲಿದ್ದದ್ದು ಪಿಯರ್ಸನ್ ಅವರ ಜನಾಂಗ ಸಾಮ್ಯದ ಗುಣಾಂಕ. ಅದು ಅಳತೆಗಳ ನಡುವಣ ಸಂಬಂಧವನ್ನು ಪರಿಗಣಿಸುತ್ತಿರಲಿಲ್ಲ. ಮೇಲಾಗಿ, ಅಳೆದ ಜನರ ಸಂಖ್ಯೆ ಹೆಚ್ಚಿದಂತೆ ಅದರ ಬೆಲೆಯೂ ಬದಲಾಗುತ್ತಿತ್ತು. ಹೆಚ್ಚು ಜನರನ್ನು ಅಳೆದ ಮಾತ್ರಕ್ಕೆ ಎರಡು ಗುಂಪುಗಳು ದೂರ ಸರಿಯುವುದು ಹೇಗೆ? 1926-27ರಲ್ಲಿ ಪಿಯರ್ಸನ್ ಅವರ ಪ್ರಯೋಗಾಲಯದಲ್ಲೇ ಕೆಲವು ತಿಂಗಳು ಕೆಲಸ ಮಾಡಿದ ಮಹಾಲನೋಬಿಸ್ ಈ ಆಕ್ಷೇಪವನ್ನು ಬರೆದಿಟ್ಟರು. ತಾವು ಗುರುವೆಂದು ಗೌರವಿಸುತ್ತಿದ್ದವರ ಪತ್ರಿಕೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. 1930ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟಿಸಿದರು. 1936ರಲ್ಲಿ ಅದರ ಪೂರ್ಣ ರೂಪ ಬಂತು. ಇಂದು ಜಗತ್ತಿನ ಎಲ್ಲ ಪಠ್ಯಗಳಲ್ಲೂ ಮಹಾಲನೋಬಿಸ್ ದೂರ ಎಂದು ಕರೆಯಲಾಗುವ, ಡಿ-ಸ್ಕ್ವೇರ್ ಎಂದು ಬರೆಯುವ ಅಳತೆ ಅದು.

ಅದೇ 1936ರಲ್ಲಿ ಇಂಗ್ಲೆಂಡಿನಲ್ಲಿ ರೊನಾಲ್ಡ್ ಫಿಷರ್ ಬೇರೊಂದು ದಿಕ್ಕಿನಿಂದ ಅದೇ ತಾಣಕ್ಕೆ ಬಂದಿದ್ದರು. ಎಡ್ಗರ್ ಆಂಡರ್ಸನ್ ಸಂಗ್ರಹಿಸಿದ್ದ ಮೂರು ಜಾತಿಯ ಐರಿಸ್ ಹೂಗಳು, ಪ್ರತಿ ಜಾತಿಯಲ್ಲಿ 50, ಪ್ರತಿ ಹೂವಿನಲ್ಲಿ ನಾಲ್ಕು ಅಳತೆ. ಹೂವನ್ನು ನೋಡದೆ ಅಳತೆಗಳಿಂದಲೇ ಅದರ ಜಾತಿ ಹೇಳಬಹುದೇ ಎಂಬುದು ಪ್ರಶ್ನೆ. ಫಿಷರ್ ಪ್ರತಿ ಅಳತೆಗೂ ಒಂದೊಂದು ತೂಕ ಕೊಟ್ಟು, ಎಲ್ಲವನ್ನೂ ಕೂಡಿಸಿ ಒಂದೇ ಅಂಕವನ್ನಾಗಿ ಮಾಡಿದರು. ಗುಂಪಿನ ಒಳಗಿನ ಚದುರಿಕೆಗೆ ಹೋಲಿಸಿದರೆ ಗುಂಪುಗಳ ನಡುವಿನ ಅಂತರ ಆದಷ್ಟೂ ಹೆಚ್ಚಾಗುವಂತೆ ತೂಕಗಳನ್ನು ಆರಿಸುವುದೇ ಅದರ ಗುಟ್ಟು. ಹೀಗೆ ಬಂದ ಅಂಕಗಳಲ್ಲಿ ಎರಡು ಗುಂಪುಗಳ ಸರಾಸರಿಗಳ ನಡುವೆ ಎಷ್ಟು ಅಂತರವಿರುತ್ತದೋ, ಅದೇ ಮಹಾಲನೋಬಿಸ್ ಅವರ ಡಿ-ಸ್ಕ್ವೇರ್. ಹೊಸದಾಗಿ ಬಂದದ್ದನ್ನು ಹತ್ತಿರದ ಗುಂಪಿಗೆ ಸೇರಿಸಿದರಾಯಿತು. ಈ ವಿಧಾನದಿಂದ ವಿಂಗಡಿಸಿದರೆ 150 ಹೂಗಳಲ್ಲಿ ಮೂರು ಮಾತ್ರ ತಪ್ಪು ಗುಂಪಿಗೆ ಹೋಗುತ್ತವೆ. ಫಿಷರ್ ಅವರ ಆ ಪ್ರಬಂಧ ಅಚ್ಚಾದದ್ದು ಸುಜನನಶಾಸ್ತ್ರದ ಪತ್ರಿಕೆಯೊಂದರಲ್ಲಿ ಎಂಬುದನ್ನೂ ಮರೆಯಬಾರದು. ಮನುಷ್ಯರನ್ನು ಮೇಲುಕೀಳೆಂದು ವಿಂಗಡಿಸುವ ಆಸೆ ಈ ಶಾಸ್ತ್ರದ ತೊಟ್ಟಿಲಿನ ಬಳಿಯೇ ಇತ್ತು.

ಮಹಾಲನೋಬಿಸ್ 1931ರಲ್ಲಿ ಸ್ಥಾಪಿಸಿದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆ ಪ್ರೆಸಿಡೆನ್ಸಿ ಕಾಲೇಜಿನ ಕೊಠಡಿಯಲ್ಲಿ ಆರಂಭವಾಯಿತು. 1933ರಲ್ಲಿ ಸಾಂಖ್ಯ ಎಂಬ ಪತ್ರಿಕೆ ಹುಟ್ಟಿತು. ರಾಜಚಂದ್ರ ಬೋಸ್, ಸಮರೇಂದ್ರನಾಥ ರಾಯ್ ಮುಂತಾದವರು ಬಂದು ಸೇರಿದರು. 1941ರಲ್ಲಿ ಅಲ್ಲಿಗೆ ಬಂದ ತರುಣನೊಬ್ಬ ನಮ್ಮ ಹೂವಿನಹಡಗಲಿಯಲ್ಲಿ 1920ರಲ್ಲಿ ಹುಟ್ಟಿದವರು: ಸಿ.ಆರ್. ರಾವ್. ಸುಡಾನಿನ ಜೆಬೆಲ್ ಮೋಯಾದಿಂದ ತಂದಿದ್ದ ಪ್ರಾಚೀನ ಅಸ್ಥಿಪಂಜರಗಳನ್ನು ಡಿ-ಸ್ಕ್ವೇರ್ ಬಳಸಿ ವಿಶ್ಲೇಷಿಸಬೇಕೆಂದು ಕೇಂಬ್ರಿಜ್‌ನವರು ಕೇಳಿದಾಗ 1946ರಲ್ಲಿ ಮಹಾಲನೋಬಿಸ್ ಕಳುಹಿಸಿದ್ದು ಇವರನ್ನೇ. ಅಲ್ಲಿ ಫಿಷರ್ ಅವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪಡೆದ ರಾವ್, 1948ರಲ್ಲಿ ಈ ವಿಧಾನವನ್ನು ಎರಡೇ ಗುಂಪುಗಳಿಗೆ ಸೀಮಿತಗೊಳಿಸದೆ ಹಲವು ಗುಂಪುಗಳಿಗೆ ವಿಸ್ತರಿಸಿದರು. 2023ರಲ್ಲಿ ಅವರು ತೀರಿಕೊಂಡಾಗ ಈ ಪರಂಪರೆಯ ಕೊನೆಯ ಹಿರಿಯ ಕೊಂಡಿ ಕಳಚಿತು.

ಜಾತಿಗಳ ದೇಹದ ಅಳತೆಯ ಕೆಲಸದಲ್ಲಿ ಮಹಾಲನೋಬಿಸ್ ತೋರಿದ ಎಚ್ಚರ ನನ್ನನ್ನು ಹೆಚ್ಚು ತಟ್ಟಿದೆ. ಮೂಗಿನ ಅಗಲಕ್ಕೂ ಜಾತಿಯ ಸ್ಥಾನಕ್ಕೂ ಸಂಬಂಧವಿದೆಯೆಂದು ಸಾರಿದ್ದ ಹರ್ಬರ್ಟ್ ರಿಸ್ಲೆ ಅವರ ಅಂಕಿಗಳನ್ನು ಅವರು ಹಾಗೆಯೇ ಒಪ್ಪಿಕೊಳ್ಳಲಿಲ್ಲ. ಒಂದೊಂದನ್ನೂ ಪರಿಶೀಲಿಸಿ, ಅದರಲ್ಲಿದ್ದ ತಪ್ಪುಗಳನ್ನು ತಿದ್ದಿ 1933ರಲ್ಲಿ ಪರಿಷ್ಕರಣೆಯನ್ನು ಪ್ರಕಟಿಸಿದರು. ಆದರೂ ಒಂದು ಮಿತಿಯನ್ನು ಅವರ ಗಣಿತವೂ ದಾಟಲಾರದಾಗಿತ್ತು. ಸಂಯುಕ್ತ ಪ್ರಾಂತದಲ್ಲಿ 1941ರಲ್ಲಿ ಡಿ.ಎನ್. ಮಜುಂದಾರ್ ನಡೆಸಿದ ಅಳತೆಗಳನ್ನು ಅವರು ಹಾಗೂ ರಾವ್ ವಿಶ್ಲೇಷಿಸಿ 1949ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಾತಿಗಳು, ಬುಡಕಟ್ಟುಗಳು ಮೊದಲೇ ಗೊತ್ತಾದ ಗುಂಪುಗಳಾಗಿದ್ದವು. ಗುಂಪುಗಳನ್ನು ಕೊಟ್ಟರೆ ಅವುಗಳ ನಡುವಿನ ದೂರವನ್ನು ಸೂತ್ರ ಹೇಳುತ್ತದೆ. ಆ ಗುಂಪುಗಳನ್ನು ಹಾಗೆ ಮಾಡಿದ್ದು ಸರಿಯೇ ಎಂದು ಅದು ಕೇಳುವುದಿಲ್ಲ. ಆ ಪ್ರಶ್ನೆ ಮನುಷ್ಯರೇ ಕೇಳಬೇಕಾದದ್ದು.

ಮುಂದೆ ಅವರ ಆಸಕ್ತಿ ದೇಹದ ಅಳತೆಯಿಂದ ಹೊಲ, ಹಸಿವುಗಳ ಲೆಕ್ಕದತ್ತ ಹೊರಳಿತು. 1937ರಿಂದ ಬಂಗಾಳದ ಸೆಣಬಿನ ಬೆಳೆಯ ವಿಸ್ತೀರ್ಣವನ್ನು ಮಾದರಿ ಸಮೀಕ್ಷೆಯಿಂದ ಅಂದಾಜು ಮಾಡುವ ಪ್ರಯೋಗ ಕೈಗೊಂಡರು. 1943ರ ಬಂಗಾಳದ ಕ್ಷಾಮದ ನಂತರ ಅದರ ಪರಿಣಾಮಗಳ ಸಮೀಕ್ಷೆ ನಡೆಸಿದರು. 1945ರಲ್ಲಿ ರಾಯಲ್ ಸೊಸೈಟಿಯ ಫೆಲೊ ಆದರು. 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಆರಂಭವಾಯಿತು. ನೆಹರೂ ಅವರ ವಿಶ್ವಾಸ ಗಳಿಸಿ 1956ರ ಎರಡನೆಯ ಯೋಜನೆಗೆ ಚೌಕಟ್ಟು ಕಟ್ಟಿಕೊಟ್ಟರು. ಭಾರಿ ಕೈಗಾರಿಕೆಗೆ ಒತ್ತು ಕೊಟ್ಟು ಕೃಷಿಯನ್ನು ಹಿಂದಕ್ಕೆ ತಳ್ಳಿದರೆಂಬ ಟೀಕೆ ಅದರ ಮೇಲಿದೆ; ಆ ಟೀಕೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. 1968ರಲ್ಲಿ ಪದ್ಮವಿಭೂಷಣ ಬಂತು. 1972ರ ಜೂನ್ 28ರಂದು, 79ನೆಯ ಹುಟ್ಟುಹಬ್ಬಕ್ಕೆ ಒಂದು ದಿನ ಉಳಿದಿರುವಾಗ, ಅವರು ನಿಧನರಾದರು.

ಇಷ್ಟೆಲ್ಲ ಸಾಧನೆಗಳ ನಡುವೆ ನನಗೆ ಅತಿ ಮುಖ್ಯವೆನಿಸುವುದು ಅವರು ಸಮೀಕ್ಷೆಗಳಲ್ಲಿ ತಂದ ಒಂದು ಸರಳ ಪದ್ಧತಿ. ಒಂದೇ ಪ್ರದೇಶದಿಂದ ಎರಡು ಸ್ವತಂತ್ರ ಮಾದರಿಗಳನ್ನು ಆರಿಸಿ ಎರಡು ತಂಡಗಳಿಗೆ ಒಪ್ಪಿಸುವುದು. ಒಂದು ತಂಡದ ಲೆಕ್ಕ ಇನ್ನೊಂದರ ಮೇಲೆ ಪ್ರಭಾವ ಬೀರದಂತೆ ನೋಡಿಕೊಳ್ಳುವುದು. ಎರಡೂ ಉತ್ತರಗಳು ಹತ್ತಿರ ಬಂದರೆ ನೆಮ್ಮದಿ. ಬಾರದಿದ್ದರೆ ಎಲ್ಲೋ ತಪ್ಪಾಗಿದೆ ಎಂದು ತಿಳಿದು ಹುಡುಕಬೇಕು. ತನ್ನ ಲೆಕ್ಕವನ್ನು ತಾನೇ ಸಂಶಯಿಸುವ ವ್ಯವಸ್ಥೆಯನ್ನು ಅವರು ಕೆಲಸದ ಒಳಗೇ ಇಟ್ಟಿದ್ದರು.

ನನ್ನ ಸೂತ್ರದಲ್ಲಿ ಇಲ್ಲದಿದ್ದದ್ದು ಅದೇ. ಯಾವ ವಿದ್ಯಾರ್ಥಿಗಳ ಅಂಕಗಳಿಂದ ಸೂತ್ರವನ್ನು ಕಟ್ಟಿದ್ದೆನೋ ಅವರ ಮೇಲೆಯೇ ಅದನ್ನು ಪರೀಕ್ಷಿಸಿ 84 ಸರಿ ಎಂದು ಬೀಗಿದ್ದೆ. ಉತ್ತರ ಗೊತ್ತಿರುವ ಪ್ರಶ್ನೆಪತ್ರಿಕೆಯನ್ನೇ ಕೊಟ್ಟು ವಿದ್ಯಾರ್ಥಿಯನ್ನು ಹೊಗಳಿದಂತೆ. ಒಂದಷ್ಟು ಮಂದಿಯನ್ನು ಪಕ್ಕಕ್ಕಿಟ್ಟು, ಸೂತ್ರ ಸಿದ್ಧವಾದ ಮೇಲೆ ಅವರ ಮೇಲೆ ಪ್ರಯೋಗಿಸಬೇಕಿತ್ತು. ಎರಡನೆಯದಾಗಿ, ಎರಡು ಬಗೆಯ ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದೆ. ಅನುತ್ತೀರ್ಣರಾಗುವವರನ್ನು ಉತ್ತೀರ್ಣರೆಂದರೆ ಕಾಲೇಜಿನ ಫಲಿತಾಂಶ ಸ್ವಲ್ಪ ಇಳಿಯುತ್ತದೆ. ಉತ್ತೀರ್ಣರಾಗುವವರನ್ನು ಅನುತ್ತೀರ್ಣರೆಂದರೆ ಒಬ್ಬರ ಬದುಕಿನ ಒಂದು ವರ್ಷ ಹೋಗುತ್ತದೆ. ಈ ಎರಡೂ ಸಮಾನವೆಂದು ಯಾರೂ ಹೇಳಲಾರರು. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಗಣಿತದ ಪ್ರಶ್ನೆಯಷ್ಟೇ ಆಗಿರಲಿಲ್ಲ, ನ್ಯಾಯದ ಪ್ರಶ್ನೆಯೂ ಆಗಿತ್ತು.

ಮೂರನೆಯದು ಮಹಾಲನೋಬಿಸ್ ದೂರವೇ ಕಲಿಸುವ ಪಾಠ. ಆ ದೂರ ಎರಡು ಗುಂಪುಗಳ ನಡುವಿನದು. ಎರಡೂ ಗುಂಪುಗಳ ಅಂಕಗಳು ಗಂಟೆಯಾಕಾರದ ರೇಖೆಯಂತೆ, ಒಂದೇ ಬಗೆಯಲ್ಲಿ ಹರಡಿದ್ದು, ಗುಂಪುಗಳು ಸಮಸಂಖ್ಯೆಯಲ್ಲಿದ್ದರೆ, ದೂರ 1 ಆದಾಗ ನೂರಕ್ಕೆ ಸುಮಾರು 31 ಮಂದಿ ತಪ್ಪು ಗುಂಪಿಗೆ ಬೀಳುತ್ತಾರೆ. ದೂರ 2 ಆದರೆ 16, 3 ಆದರೆ 7. ಸೂತ್ರ ಎಷ್ಟೇ ಉತ್ತಮವಾಗಿರಲಿ, ಗುಂಪುಗಳು ಒಂದರ ಮೇಲೊಂದು ಹಾಯ್ದಿರುವಷ್ಟು ಕಾಲ ಈ ತಪ್ಪು ಹೋಗದು. ನನ್ನ ಹದಿನಾರು ಮಂದಿ ಲೆಕ್ಕದ ದೋಷದಿಂದ ಹುಟ್ಟಿದವರಲ್ಲ. ಎರಡು ಗುಂಪುಗಳೂ ಬೆರೆಯುವ ಆ ನಡುವಿನ ಜಾಗದಲ್ಲಿ ನಿಂತಿದ್ದವರು.

ಅಲ್ಲಿ ನಿಂತಿದ್ದವರಲ್ಲಿ ಒಬ್ಬಳು ದೂರದ ಹಳ್ಳಿಯಿಂದ ಬರುತ್ತಿದ್ದ ವಿದ್ಯಾರ್ಥಿನಿ. ತಾಯಿಯ ಕಾಯಿಲೆಯಿಂದಾಗಿ ಅವಳ ಹಾಜರಾತಿ ಕಡಿಮೆಯಾಗಿತ್ತು, ಕಿರುಪರೀಕ್ಷೆಯೊಂದು ತಪ್ಪಿತ್ತು. ಸೂತ್ರಕ್ಕೆ ಹಾಜರಾತಿ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ನಾನೂ ಕೇಳಲಿಲ್ಲ. ಮರುವರ್ಷ ಅವಳು ಪರೀಕ್ಷೆಗೆ ಕುಳಿತು ಪ್ರಥಮ ದರ್ಜೆಯಲ್ಲಿ ಉತ್ತೀರ್ಣಳಾದಳು. ವರ್ಗಾವಣೆ ಪತ್ರ ಪಡೆಯಲು ಬಂದಾಗ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ನಮಸ್ಕಾರ ಸರ್ ಎಂದು ಹೇಳಿ ಹೋದಳು. ಆ ಪಟ್ಟಿಯನ್ನು ಬರೆದದ್ದು ನಾನೆಂದು ಅವಳಿಗೆ ತಿಳಿದಿರಲಿಲ್ಲ. ಹೇಳುವ ಧೈರ್ಯ ನನಗಾಗಲಿಲ್ಲ.

ಇಂದು ಇಂಥ ಪಟ್ಟಿಗಳನ್ನು ಕೈಯಲ್ಲಿ ಬರೆಯಬೇಕಾಗಿಲ್ಲ. ಸಂಸ್ಥೆಯೊಂದು ದಿವಾಳಿಯಾಗುವುದೇ ಎಂದು ಹೇಳಲು ಎಡ್ವರ್ಡ್ ಆಲ್ಟ್‌ಮನ್ ಇದೇ ವಿಧಾನವನ್ನು 1968ರಲ್ಲಿ 66 ಕಂಪನಿಗಳ ಮೇಲೆ ಬಳಸಿದರು. ಈಗ ಸಾಲ ಕೊಡಬೇಕೇ, ಕೆಲಸಕ್ಕೆ ಕರೆಯಬೇಕೇ, ವಿಮೆಯ ಕಂತು ಎಷ್ಟಿರಬೇಕು ಎಂಬ ಪ್ರಶ್ನೆಗಳಿಗೆ ಇದರ ಸಂತತಿಯ ಸೂತ್ರಗಳು ಕ್ಷಣಮಾತ್ರದಲ್ಲಿ ಉತ್ತರಿಸುತ್ತವೆ. ಅವುಗಳನ್ನು ಬೇಡವೆನ್ನುವುದು ಅವಿವೇಕ. ರೋಗನಿದಾನದಿಂದ ಬೆಳೆ ಗುರುತಿಸುವವರೆಗೆ ಅವುಗಳಿಂದ ಉಪಕಾರವಾಗಿದೆ. ಆದರೆ ತಿರಸ್ಕೃತನಾದವನಿಗೆ ಕಾರಣ ಕೇಳುವ ಹಕ್ಕಿರಬೇಕು, ಸೂತ್ರದ ತೀರ್ಪನ್ನು ಮತ್ತೊಮ್ಮೆ ನೋಡುವ ಇನ್ನೊಂದು ಕಣ್ಣಿರಬೇಕು. ಎರಡು ತಂಡಗಳನ್ನು ಹೊಲಕ್ಕೆ ಕಳುಹಿಸಿದ ಮಹಾಲನೋಬಿಸ್ ಅವರಿಗೆ ಇದು ಹೊಸ ಮಾತಾಗುತ್ತಿರಲಿಲ್ಲ.

ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಅವರ ಸಂಸ್ಥೆಯ ಕೇಂದ್ರದ ಮುಂದೆ ಹಾದುಹೋಗುವಾಗಲೆಲ್ಲ ನನಗೆ ಆ ಒಂಬತ್ತು ಮಂದಿಯ ನೆನಪಾಗುತ್ತದೆ. ನಿವೃತ್ತಿಯಾಗುವವರೆಗೂ ಡಿಸ್ಕ್ರಿಮಿನಂಟ್ ವಿಶ್ಲೇಷಣೆಯ ಪಾಠವನ್ನು ನಾನು ಐರಿಸ್ ಹೂಗಳಿಂದಲೇ ಆರಂಭಿಸುತ್ತಿದ್ದೆ. ತಪ್ಪು ಗುಂಪಿಗೆ ಹೋದ ಆ ಮೂರು ಹೂಗಳು ಯಾವುವೆಂದು ವಿದ್ಯಾರ್ಥಿಗಳೇ ಹುಡುಕಿ ಹೇಳುವವರೆಗೆ ಮುಂದಿನ ಪಾಠಕ್ಕೆ ಹೋಗುತ್ತಿರಲಿಲ್ಲ.